ಅಮ್ಮ ನುಡಿಸಿದ್ದು

ತಾತನ ಕಟಿಂಗ್ ಶಾಪಿನ ಹಳೆಯ ಪ್ಲೇಯರಿನಲ್ಲಿ ರೇಡಿಯೊ ಕೆಟ್ಟು ಎಷ್ಟೋ ಕಾಲವಾಗಿತ್ತು. ಸಿ.ಡಿ. ಹಾಕುವ ಬಾಯಿ ಮಾತ್ರ ನೆಟ್ಟಗಿತ್ತು. ಅದಕ್ಕೆ ಹಾಕಲು ಇದ್ದದ್ದು ಒಂದೇ ಸಿ.ಡಿ. ಅದೂ ಗೀರು ಬಿದ್ದು, ಹಾಡುವವನು ಒಂದೇ ಪದವನ್ನು ಹಿಡಿದು ಜಗ್ಗುತ್ತಿದ್ದ. ತಾತ ಕತ್ತರಿ ಕೆಳಗಿಟ್ಟು ಹೋಗಿ ಪ್ಲೇಯರಿನ ನೆತ್ತಿಗೆ ಒಂದು ಮೊಟಕಿದರೆ ಹಾಡು ಮುಂದಕ್ಕೆ ಸಾಗುತ್ತಿತ್ತು.

"ಯಜಮಾನ್ರೇ, ನನಗೆ ಮೀಸೆ ಬಂದಾಗಿಂದ ಇದೇ ಹಾಡು ಕೇಳ್ತಿದೀನಿ. ಈಗ ಮೀಸೆ ಬೆಳ್ಳಗಾಗ್ತಾ ಬಂತು," ಎಂದ ಮೂಲೆಯಂಗಡಿಯ ಟೈಲರ್.

"ಕಪ್ಪು ಮಾಡ್ಕೊಡ್ತೀನಿ, ಕೂತ್ಕೊ," ಎಂದರು ತಾತ.

ತಾತನಿಗೆ ತಿಂಡಿ ಡಬ್ಬಿ ತಂದಿದ್ದ ಮೊಮ್ಮಗಳು ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹೆಸರಿಗೆ ಗುಬ್ಬಿ, ಮನೆಯಲ್ಲಿ ಎಲ್ಲರಿಗಿಂತ ಉದ್ದ. ಕಾಲೇಜಿನ ಪರೀಕ್ಷೆ ಮುಗಿದು ರಜೆ ಸಿಕ್ಕಿತ್ತು. ಕೈಗೆ ಕೆಲಸವಿಲ್ಲದ್ದರಿಂದ ತಲೆಗೆ ತುಂಬ ಕೆಲಸ ಹಚ್ಚಿಕೊಂಡಿದ್ದಳು.

"ತಾತ, ಹೊಸ ಸಿ.ಡಿ. ಮಾಡ್ಕೊಡ್ಲಾ? ನಮ್ಮ ಮನೇದೇ ಸಂಗೀತ."

"ನಮ್ಮನೇಲಿ ಸಂಗೀತ ಎಲ್ಲಿದೆಯೇ? ನಿಮ್ಮಪ್ಪನ ಗೊರಕೆನಾ?"

"ಅಮ್ಮನ ಪಿಯಾನೊ."

ತಾತ ಬ್ರಷ್ಷನ್ನು ನೊರೆಯ ಬಟ್ಟಲಲ್ಲೇ ಬಿಟ್ಟು ಅವಳ ಕಡೆ ತಿರುಗಿದರು. ಅಮ್ಮ, ಅಂದರೆ ಅವರ ಸೊಸೆ, ದಿನಾ ಪಿಯಾನೊ ಮುಂದೆ ಕೂರುತ್ತಾಳೆ ಎನ್ನುವುದು ಅವರಿಗೆ ಗೊತ್ತಿತ್ತು. ಆದರೆ ಅದು ಹೇಗಿರುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮನೆ ಅಂಗಡಿಯ ಮೇಲೆಯೇ ಇತ್ತು: ಒಂದು ಮಲಗುವ ಕೋಣೆ, ಒಂದು ಉದ್ದನೆಯ ನಡುಮನೆ, ಅಡುಗೆಮನೆ, ಬಾಲ್ಕನಿಗೆ ಹಲಗೆ ಹೊಡೆದು ತಾತನ ಮಂಚಕ್ಕೆಂದು ಮಾಡಿದ ಒಂದು ಗೂಡು. ನಡುಮನೆಯ ಗೋಡೆಗೆ ಒರಗಿಸಿದಂತೆ ಡಿಜಿಟಲ್ ಪಿಯಾನೊ. ಗುಬ್ಬಿ ಚಿಕ್ಕವಳಿದ್ದಾಗ ಪಕ್ಕದ ಬೀದಿಯವರು ಮನೆ ಖಾಲಿ ಮಾಡುವಾಗ ಬಿಟ್ಟುಕೊಟ್ಟದ್ದು. ಗುಬ್ಬಿಯನ್ನು ಪಾಠಕ್ಕೆ ಸೇರಿಸಿದರು, ಜೊತೆಗೆ ಕೂರಲು ಅಮ್ಮನೂ ಹೋದಳು. ಒಂದು ವರ್ಷಕ್ಕೆ ಮಗಳಿಗೆ ಬೇಸರ ಬಂತು, ಅಮ್ಮನಿಗೆ ಹುಚ್ಚು ಹಿಡಿಯಿತು.

ಅಪ್ಪನಿಗೆ ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಸಂಜೆಯ ಕಾಫಿಗೇ ಏಳುವುದು. ಅಮ್ಮ ಬೆಳಗಿನ ಹೊತ್ತು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕಂಡವರ ದವಡೆಗೆ ಹಲ್ಲು ಕೂರಿಸಿ, ಉಜ್ಜಿ, ನಯ ಮಾಡಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದಳು. ಊಟದ ಪಾತ್ರೆ ತೊಳೆದ ಮೇಲೆ, ಅಪ್ಪ ಏಳುವ ಮೊದಲು, ಇಯರ್‌ಫೋನ್ ಹಾಕಿಕೊಂಡು ಕೂರುವಳು. ಉಳಿದವರಿಗೆ ಕೇಳಿಸುತ್ತಿದ್ದದ್ದು ಬೆರಳಿನಡಿ ಪಿಯಾನೊದ ಕಪ್ಪುಬಿಳುಪು ಮನೆಗಳು ಬಿದ್ದೇಳುವ ಸದ್ದು ಮಾತ್ರ. ಟಕ್, ಟಕಟಕ, ಟಕ್.

"ನಿಮ್ಮಮ್ಮ ಬೆಂಡೆಕಾಯಿ ಹೆಚ್ಚಿದ ಹಾಗಿರುತ್ತಪ್ಪ," ಎನ್ನುತ್ತಿದ್ದರು ತಾತ.

ಆ ಪಿಯಾನೊದಲ್ಲಿ ರೆಕಾರ್ಡ್ ಮಾಡುವ ಗುಂಡಿಯೊಂದಿತ್ತು. ನುಡಿಸಿದ್ದನ್ನು ಆಮೇಲೆ ಕೇಳಿ ತಿದ್ದಿಕೊಳ್ಳೋಣ ಎಂದು ಅಮ್ಮ ಅದನ್ನು ಒತ್ತುತ್ತಿದ್ದಳು. ಕೇಳಲು ಪುರುಸೊತ್ತು ಸಿಗುತ್ತಿರಲಿಲ್ಲ. ಹಾಗಾಗಿ ಪಿಯಾನೊ ಹೊಟ್ಟೆಯಲ್ಲಿ ಹಾಡುಗಳು ಒಂದರ ಮೇಲೊಂದು ಸೇರುತ್ತಾ ಹೋಗಿದ್ದವು.

ಮಾರನೆಯ ಬೆಳಿಗ್ಗೆ, ಅಮ್ಮ ಲ್ಯಾಬಿಗೆ ಹೋದ ಮೇಲೆ, ಗುಬ್ಬಿ ಅವನ್ನು ಪೆನ್ ಡ್ರೈವಿಗೆ ಇಳಿಸಿ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಕಾಫಿಗೆಂದು ಮೇಲೆ ಬಂದ ತಾತ ಪಕ್ಕಕ್ಕೆ ಸ್ಟೂಲು ಎಳೆದುಕೊಂಡರು. ಒಳಗೆ ಅಪ್ಪ ಮಲಗಿದ್ದ, ಮಾತೆಲ್ಲ ಪಿಸುದನಿಯಲ್ಲೇ.

ಲ್ಯಾಪ್‌ಟಾಪಿನಿಂದ ಬಂದದ್ದು ಆಟದ ಸಾಮಾನಿನ ಕೀಚಲು ಸದ್ದು.

"ಇದಾ ನಿಮ್ಮಮ್ಮ ನುಡಿಸೋದು?" ತಾತನ ಮುಖ ಸಪ್ಪಗಾಯಿತು.

ಗುಬ್ಬಿ ಅಲ್ಲಿ ಇಲ್ಲಿ ಓದಿ ವಿಷಯ ಹುಡುಕಿದಳು. "ಅಯ್ಯೋ, ಇದರಲ್ಲಿ ಸದ್ದೇ ಇಲ್ಲ ತಾತ. ಯಾವ ಮನೆ ಒತ್ತಿದ್ಲು, ಎಷ್ಟು ಜೋರಾಗಿ ಒತ್ತಿದ್ಲು, ಯಾವಾಗ ಬೆರಳು ತೆಗೆದ್ಲು, ಅಷ್ಟೇ ಇರೋದು. ಸದ್ದು ಪಿಯಾನೊದ್ದು. ಲ್ಯಾಪ್‌ಟಾಪಿಗೆ ಕೊಟ್ರೆ ಅದು ತನಗೆ ಬಂದ ದನೀಲಿ ಹಾಡುತ್ತೆ."

"ಅಂದ್ರೆ ಇದು ಹಾಡಲ್ಲ, ಹೀಗೆ ಹಾಡು ಅಂತ ಅಪ್ಪಣೆ."

"ಹಾಂ, ಅದೇ."

"ಹಂಗಾದ್ರೆ ಅಪ್ಪಣೇನ ಪಿಯಾನೊಗೇ ಕೊಡು. ಅದು ಹಾಡಿದಾಗ ಹಿಡ್ಕೋ."

ಗುಬ್ಬಿ ಪಿಯಾನೊದ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು ಎಳೆದಳು. ಪಿಯಾನೊ ತನ್ನಷ್ಟಕ್ಕೆ ನುಡಿಯತೊಡಗಿತು. ಮನೆಗಳು ಅಲುಗಲಿಲ್ಲ, ಕೋಣೆಯಲ್ಲಿ ಸದ್ದಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಮಾತ್ರ ಹಸಿರು ಗೆರೆ ಏಳುತ್ತ ಬೀಳುತ್ತ ಇತ್ತು. ಅವಸರ ಮಾಡುವ ಹಾಗಿರಲಿಲ್ಲ. ಅಮ್ಮ ಎಷ್ಟು ಹೊತ್ತು ನುಡಿಸಿದ್ದಳೋ ಅಷ್ಟೇ ಹೊತ್ತು ಕೂರಬೇಕು. ಗುಬ್ಬಿ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಸಿಕ್ಕಿಸಿ ಒಂದು ಬದಿಯನ್ನು ತಾತನ ಕಿವಿಗಿಟ್ಟಳು.

ತಾತ ಕಾಫಿ ಲೋಟ ಹಿಡಿದವರು ಹಾಗೇ ಕೂತರು. ಕಾಫಿ ಆರಿಹೋಯಿತು.

"ನಿಮ್ಮಮ್ಮನ್ನ ಒಂದು ಮಾತು ಕೇಳಿಬಿಡೋದು ವಾಸಿ," ಎಂದರು ಕೊನೆಗೆ.

"ಕೇಳಿದ್ರೆ ಬೇಡ ಅಂತಾಳೆ."

"ಹಾಗಾದ್ರೆ ಅದೇ ಉತ್ತರ ಅಲ್ವೇನೇ?"

ಗುಬ್ಬಿ ಮುಂದಿನ ಹಾಡಿಗೆ ಗುಂಡಿ ಒತ್ತಿದಳು. ತಾತನೂ ಇಯರ್‌ಫೋನ್ ತೆಗೆಯಲಿಲ್ಲ. ಮುಂದೇನಾಗುತ್ತದೋ ನೋಡೋಣ ಎನ್ನುವ ಕುತೂಹಲ ಇಬ್ಬರನ್ನೂ ಹಿಡಿದಿತ್ತು.

ಮೊದಲು ಮಾಡಿದ ಸಿ.ಡಿ.ಯನ್ನು ಅಂಗಡಿಯ ಪ್ಲೇಯರ್ ಎರಡು ಸುತ್ತು ತಿರುಗಿಸಿ ಉಗಿದುಬಿಟ್ಟಿತು. ಗುಬ್ಬಿ ಫೈಲುಗಳನ್ನು ಹಾಗೇ ಸುರಿದಿದ್ದಳು. ಹಳೆಯ ಪ್ಲೇಯರಿಗೆ ಆಡಿಯೊ ಸಿ.ಡಿ.ಯೇ ಆಗಬೇಕು, ಅದನ್ನು ಬರೆಯುವ ಕ್ರಮವೇ ಬೇರೆ ಎಂದು ಆಮೇಲೆ ತಿಳಿಯಿತು. "ಹಳೇ ಕಾಲದ್ದು, ಮರ್ಯಾದೆ ಕೊಟ್ಟು ಕರೀಬೇಕು," ಎಂದರು ತಾತ. ಎರಡನೆಯದನ್ನು ಪ್ಲೇಯರ್ ನುಂಗಿತು, ಒಂದು ಗಳಿಗೆ ಯೋಚಿಸಿತು, ಹಾಡಿತು.

ಆ ವಾರ ಕಟಿಂಗ್ ಶಾಪಿನಲ್ಲಿ ಮಾತು ಕಡಿಮೆಯಾಯಿತು. ಬೇಕರಿಯವನು ಕುರ್ಚಿಯಲ್ಲಿ ನಿದ್ದೆ ಹೋಗಿ, ಕತ್ತು ವಾಲಿ, ಒಂದು ಬದಿಯ ಕೂದಲು ಗಿಡ್ಡವಾಯಿತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ನಾಲ್ಕನೆಯ ಹಾಡಿನ ಮಧ್ಯೆ ಒಂದು ಕಡೆ ಸಂಗೀತ ನಿಂತುಹೋಗುತ್ತಿತ್ತು. ಒಂದು ಕೆನ್ನೆ ಬೋಳಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ, ಬಿಟ್ಟ ಕಡೆಯಿಂದಲೇ ಮತ್ತೆ ಶುರು.

"ಅಲ್ಲಿ ನುಡಿಸೋರಿಗೆ ಅಳು ಬಂದಿರ್ಬೇಕು," ಎಂದ ಟೈಲರ್.

"ಅಳು ಬಂದ್ರೆ ಮತ್ತೆ ಶುರು ಮಾಡಿದಾಗ ಕೈ ನಡುಗ್ಬೇಕಲ್ಲಯ್ಯಾ," ಎಂದ ಅಂಚೆಯವನು. "ಅದು ಬೇಕಂತಲೇ ಬಿಟ್ಟಿರೋ ಜಾಗ. ದೊಡ್ಡ ದೊಡ್ಡೋರೆಲ್ಲ ಹಂಗೇ ಮಾಡೋದು. ಯಾರು ಯಜಮಾನ್ರೇ ಇವರು?"

"ಗೊತ್ತಿರೋರು," ಎಂದಷ್ಟೇ ಹೇಳುತ್ತಿದ್ದರು ತಾತ. ಮಧ್ಯಾಹ್ನ ಸೊಸೆ ಬೀದಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ ಆ ಸಿ.ಡಿ. ತೆಗೆದು ಹಳೆಯದನ್ನು ತುರುಕುತ್ತಿದ್ದರು. ಹಾಗೆ ತುರುಕುವಾಗ ಅವರ ಮುಖ ಗಿರಾಕಿಗಳ ಕಡೆ ಇರುತ್ತಿರಲಿಲ್ಲ.

ಒಂದು ಸಂಜೆ ಅಮ್ಮ ತರಕಾರಿಗೆಂದು ಹೊರಗೆ ಹೋಗಿದ್ದಾಗ, ತಾತ ಹೊಸ ಸಿ.ಡಿ. ಹಾಕಿಕೊಂಡಿದ್ದ ಹೊತ್ತಿಗೆ, ಅಪ್ಪ ಕೂದಲು ಕತ್ತರಿಸಿಕೊಳ್ಳಲು ಕೆಳಗೆ ಬಂದ. ಇನ್ನೂ ನಿದ್ದೆಗಣ್ಣು. ಕತ್ತಿಗೆ ಬಟ್ಟೆ ಸುತ್ತಿಸಿಕೊಂಡು ಕಣ್ಣು ಮುಚ್ಚಿದವನು ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ.

"ಯಾರಪ್ಪ ಇದು? ಚೆನ್ನಾಗಿದೆಯಲ್ಲ."

ತಾತ ಕತ್ತರಿ ಆಡಿಸುವುದನ್ನು ನಿಲ್ಲಿಸಿದರು. ಗಿರಾಕಿಗಳಿಗೆ ಹೇಳದೆ ಇರಬಹುದು, ಹೆತ್ತ ಮಗನಿಗೆ ಹೇಗೆ ಹೇಳದಿರುವುದು? "ನಿನ್ನ ಹೆಂಡತಿ," ಎಂದರು.

ಅಪ್ಪ ಕನ್ನಡಿಯಲ್ಲಿ ತಾತನ ಮುಖವನ್ನೇ ನೋಡಿದ. ತಮಾಷೆ ಅಲ್ಲ ಎಂದು ಖಾತ್ರಿಯಾದ ಮೇಲೆ ಪ್ಲೇಯರಿನ ಕಡೆ ಕಿವಿಗೊಟ್ಟ.

ಅಂದು ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಎಲ್ಲರೂ ಊಟಕ್ಕೆ ಕೂತಿದ್ದರು. ಅಮ್ಮ ಹುರಿದ ಆಲೂಗಡ್ಡೆ ಬಡಿಸುತ್ತಿದ್ದಳು. ಅಪ್ಪನಿಗೆ ಏನಾದರೂ ಒಳ್ಳೆಯ ಮಾತು ಆಡಬೇಕು ಎನ್ನಿಸಿತು. ಅಂಥ ಅಭ್ಯಾಸವಿಲ್ಲದ ಮನುಷ್ಯ.

"ಆ ಮೂರನೇದು ತುಂಬ ಚೆನ್ನಾಗಿ ನುಡಿಸಿದೀಯ ಕಣೇ," ಎಂದ.

ಸೌಟು ಗಾಳಿಯಲ್ಲೇ ನಿಂತಿತು. "ಯಾವ ಮೂರನೇದು?"

ಗುಬ್ಬಿ ತಟ್ಟೆ ನೋಡಿದಳು. ತಾತ ನೀರು ಕುಡಿದರು.

"ಅದೇ, ಅಂಗಡೀಲಿ... ಸಿ.ಡಿ.ಲಿ..."

ಅಮ್ಮ ಸೌಟನ್ನು ಬಾಣಲೆಗೆ ಹಾಕಿ ಕೂತಳು. ಕೂಗಾಡಲಿಲ್ಲ. ಅದೇ ಎಲ್ಲರಿಗೂ ಕಷ್ಟವಾದದ್ದು. "ಗುಬ್ಬಿ, ನೀನಾ?"

"ಚೆನ್ನಾಗಿತ್ತಮ್ಮ, ಅದಕ್ಕೇ..."

"ನಾನು ಕೇಳಿದ್ದು ಅದಲ್ಲ."

"ಹೂಂ. ನಾನೇ."

"ಮಾವ, ನಿಮಗೂ ಗೊತ್ತಿತ್ತು."

"ತಪ್ಪಾಯ್ತಮ್ಮ," ಎಂದರು ತಾತ.

"ಏನು ಮಹಾ ಆಯ್ತು ಈಗ?" ಎಂದ ಅಪ್ಪ. "ಎಲ್ಲರೂ ಹೊಗಳ್ತಿದಾರೆ ತಾನೆ?"

"ಹೊಗಳ್ಲಿ, ತೆಗಳ್ಲಿ. ನನ್ನ ಒಳಲಂಗ ಒಗೆದು ಬೀದೀಲಿ ಒಣಹಾಕಿ, ಎಷ್ಟು ಬೆಳ್ಳಗಿದೆ ಅಂತಿದಾರೆ ಅಂದ್ರೆ ಖುಷಿ ಪಡ್ಬೇಕಾ ನಾನು? ಈ ಮನೇಲಿ ನಾನು ಬೇಯಿಸಿದ್ದು ಎಲ್ಲರದ್ದು, ತೊಳೆದದ್ದು ಎಲ್ಲರದ್ದು. ಅದೊಂದು ನನ್ನದಿತ್ತು. ನಾನು ತಪ್ಪು ನುಡಿಸಿದ್ರೂ ಕೇಳೋರಿಲ್ಲ ಅಂತ ಕೂರ್ತಿದ್ದೆ."

ಆಲೂಗಡ್ಡೆ ಬಾಣಲೆಯಲ್ಲೇ ಉಳಿಯಿತು.

ಮರುದಿನ ಅಮ್ಮ ಪಿಯಾನೊ ಮೇಲೆ ಹಳೆಯ ಹೊದಿಕೆ ಹಾಸಿ, ಅದರ ಮೇಲೆ ಇಸ್ತ್ರಿಯ ಬಟ್ಟೆಗಳನ್ನು ಪೇರಿಸಿದಳು. ತಾತ ಸಿ.ಡಿ.ಯನ್ನು ತೊಳೆದ ಟವಲಿನಲ್ಲಿ ಸುತ್ತಿ ತಂದು ಸೊಸೆಯ ಕೈಗೆ ಕೊಟ್ಟರು. ಅವಳು ತೆಗೆದುಕೊಂಡಳು, ಎಲ್ಲಿಟ್ಟಳೋ ಯಾರೂ ಕೇಳಲಿಲ್ಲ. ಗಿರಾಕಿಗಳು "ಎಲ್ರೀ ಅದು?" ಎಂದರೆ ತಾತ "ವಾಪಸ್ ಹೋಯ್ತು" ಎನ್ನುತ್ತಿದ್ದರು.

ವಾರಗಳು ಕಳೆದವು. ಅಮ್ಮ ಮಾತು ಬಿಟ್ಟಿರಲಿಲ್ಲ. ಉಪ್ಪು ಕೊಡಿ, ಬಾಗಿಲು ಹಾಕಿ, ನೀರು ನಿಂತಿದೆ, ಇಷ್ಟು ಮಾತು ಇತ್ತು. ಗುಬ್ಬಿ ಹೇಳಿಸಿಕೊಳ್ಳದೆ ಪಾತ್ರೆ ತೊಳೆದಳು, ಬಟ್ಟೆ ಒಣಗಿಸಿದಳು. ಎರಡು ಸಲ ತಪ್ಪಾಯಿತು ಎಂದಳು. "ಗೊತ್ತಾಯ್ತಲ್ಲ, ಬಿಡು," ಎಂದಳು ಅಮ್ಮ. ಬಿಟ್ಟ ಹಾಗೆ ಕಾಣಲಿಲ್ಲ.

ಒದ್ದಾಡಿದ್ದು ಅಪ್ಪ. ಮಧ್ಯಾಹ್ನವೇ ಎಚ್ಚರವಾಗಿ ಕೆಂಪು ಕಣ್ಣು ಉಜ್ಜುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ನಿದ್ದೇನೇ ಬರ್ತಿಲ್ಲ. ಆ ಟಕಟಕ ಇಲ್ದೆ ಮನೆ ಬಿಕೋ ಅನ್ನುತ್ತೆ. ಸ್ವಲ್ಪ ನುಡಿಸಬಾರ್ದಾ?"

"ನಾನೇನು ಜೋಗುಳದವಳಾ?" ಎಂದಳು ಅಮ್ಮ, ದಿಂಬಿನ ಕವರು ಮಡಿಸುತ್ತ.

ಒಂದು ದಿನ ತಾಯಿ ಮಗಳು ಕೂತು ಬಟಾಣಿ ಸುಲಿಯುತ್ತಿದ್ದರು. ಗುಬ್ಬಿ ಬಹಳ ದಿನದಿಂದ ಬಾಯಿಗೆ ಬಂದದ್ದನ್ನು ನುಂಗುತ್ತಿದ್ದಳು. ಅಂದು ನುಂಗಲಾಗಲಿಲ್ಲ.

"ಅಮ್ಮ, ಬೈಬೇಡ. ಒಂದು ಕೇಳ್ಲಾ? ಒಂದರಲ್ಲಿ ಮಧ್ಯೆ ನಿಲ್ಲಿಸಿಬಿಡ್ತೀಯಲ್ಲ, ಯಾಕೆ?"

"ಯಾವುದರಲ್ಲಿ?"

"ಮೆಲ್ಲಗೆ ಶುರುವಾಗುತ್ತಲ್ಲ, ಎಡಗೈ ಕೆಳಗೆ ಒಂದೇ ಕಡೆ ಕೂತಿರುತ್ತೆ, ಅದು."

"ಅದರಲ್ಲಿ ನಿಲ್ಲಿಸೋ ಜಾಗ ಇಲ್ಲ."

"ಇದೆಯಮ್ಮ. ಟೈಲರ್ ಮಾಮ ಅದು ಬರೋವರೆಗೂ ಎದ್ದೇ ಹೋಗ್ತಿರ್ಲಿಲ್ಲ. ಅಂಚೆಯವರಿಗೂ ಅವರಿಗೂ ವಾದಾನೇ ಆಗಿತ್ತು."

"ಏನಂತ?" ಎಂದುಬಿಟ್ಟಳು ಅಮ್ಮ. ಕೇಳಬಾರದಿತ್ತು ಎನ್ನುವಷ್ಟರಲ್ಲಿ ಮಾತು ಬಾಯಿ ದಾಟಿತ್ತು.

ಗುಬ್ಬಿ ಹೇಳಿದಳು. ಅಳು ಬಂದಿರಬೇಕು ಎಂದು ಒಬ್ಬರು, ಬೇಕಂತಲೇ ಬಿಟ್ಟದ್ದು ಎಂದು ಇನ್ನೊಬ್ಬರು. ಅಮ್ಮ ಖಾಲಿ ಸಿಪ್ಪೆಯನ್ನು ಬಟಾಣಿಯ ಪಾತ್ರೆಗೆ ಹಾಕಿದಳು, ಬಟಾಣಿಯನ್ನು ಸಿಪ್ಪೆಯ ರಾಶಿಗೆ.

ಅಂಗಡಿಯ ವಾರದ ರಜೆಯ ದಿನ ಬೆಳಿಗ್ಗೆ ಅವಳು ತಾತನ ಮುಂದೆ ಬಂದು ನಿಂತಳು. ಕೈಯಲ್ಲಿ ಸಿ.ಡಿ. ಇತ್ತು. "ಮಾವ, ಅಂಗಡಿ ಬೀಗದ ಕೈ ಕೊಡ್ತೀರಾ? ಒಂದ್ಸಲ ಕೇಳ್ಬೇಕು."

ತಾತ ಅರ್ಧ ಷಟರ್ ಎತ್ತಿದರು. ಅಮ್ಮ ಗಿರಾಕಿಯ ಕುರ್ಚಿಯಲ್ಲಿ ಕೂತಳು. ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಎದುರಿನ ಕನ್ನಡಿಯಲ್ಲಿ ತನ್ನ ಮುಖವೇ ಕಾಣುತ್ತಿದ್ದದ್ದು ಇರುಸುಮುರುಸಾಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಗುಬ್ಬಿ ಷಟರಿನ ಹತ್ತಿರವೇ ನಿಂತಳು. ತಾತ ಪ್ಲೇಯರ್ ಹಾಕಿದರು.

ಮೊದಲನೆಯದು ಮುಗಿಯುವ ಮುಂಚೆಯೇ ಅಮ್ಮ ಹುಬ್ಬು ಗಂಟಿಕ್ಕಿದಳು. "ಯಾಕಿಷ್ಟು ಓಡ್ತಿದೀನಿ ಮಾವ?"

"ಅದು ಹಾಗೇ ಅಲ್ವಾಮ್ಮ?"

"ಅಲ್ಲ. ನಿಧಾನದ್ದು ಇದು. ನೋಡಿ, ಶುರುವಿನಲ್ಲಿ ಸರಿ ಇದೆ. ಆಮೇಲೆ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ."

ಎರಡನೆಯದೂ ಹಾಗೆಯೇ. ಮೂರನೆಯದು, ಅಪ್ಪ ಮೆಚ್ಚಿದ್ದು, ಕೊನೆಯ ಸಾಲು ಮುಗಿಸದೆಯೇ ಮುಗಿದುಹೋಗಿತ್ತು. "ಇವರು ಎದ್ದಿರ್ಬೇಕು," ಎಂದಳು ಅಮ್ಮ. "ಕಾಫಿಗೆ ಇಡೋಕೆ ಓಡಿದೀನಿ."

ನಾಲ್ಕನೆಯದರಲ್ಲಿ ಆ ಜಾಗ ಬಂತು. ಮೂವರೂ ಪ್ಲೇಯರಿನ ಕಡೆ ನೋಡಿದರು. ಬೀದಿಯಲ್ಲಿ ಸೈಕಲ್ಲೊಂದು ಹೋಯಿತು. ಆಮೇಲೆ ಬಿಟ್ಟ ಕಡೆಯಿಂದ ಸಂಗೀತ ಮತ್ತೆ ಎದ್ದಿತು.

"ಹಾಲು," ಎಂದಳು ಅಮ್ಮ.

"ಏನು?"

"ಹಾಲು ಉಕ್ಕಿತ್ತು. ಎದ್ದು ಹೋಗಿ ಒಲೆ ಆರಿಸಿ, ಕಟ್ಟೆ ಒರೆಸಿ ಬಂದು ಮುಂದಕ್ಕೆ ನುಡಿಸಿದೀನಿ."

ತಾತನಿಗೆ ನಗು ತಡೆಯಲಾಗಲಿಲ್ಲ. ಗುಬ್ಬಿಯೂ ನಕ್ಕಳು. ಅಮ್ಮನಿಗೂ ತುಟಿಯ ತುದಿಯಲ್ಲಿ ಬಂತು, ಆದರೆ ನಿಲ್ಲಲಿಲ್ಲ. "ಇಷ್ಟು ವರ್ಷ ಇದನ್ನೇ ನುಡಿಸ್ತಾ ಇದ್ನಾ? ಕೂತಾಗ ಗೊತ್ತೇ ಆಗಲ್ಲ ನೋಡಿ," ಎಂದಳು. ಮಗಳ ಕಡೆ ತಿರುಗಿದಳು. "ಕೇಳಿದ್ದಿದ್ರೆ ಇದನ್ನ ಕೊಡ್ತಿರ್ಲಿಲ್ಲ ಕಣೇ. ಬೇರೆ ಕೊಡ್ತಿದ್ದೆ."

"ಬೇರೆ ಇದ್ಯಾ?"

"ಇಲ್ಲ. ನುಡಿಸ್ಬೇಕು. ಅದಕ್ಕೆ ಹೊತ್ತು ಬೇಕು."

"ಎಷ್ಟು ಹೊತ್ತಮ್ಮ?" ಎಂದರು ತಾತ.

"ಗಡಿಯಾರ ನೋಡದೇ ಇರೋಷ್ಟು."

ಅಂದು ಊಟದ ಹೊತ್ತಿಗೆ ಅವಳು ವಿಷಯ ಎತ್ತಿದಳು. ಇನ್ನು ಮೇಲೆ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ತನ್ನನ್ನು ಯಾರೂ ಏನೂ ಕೇಳಬಾರದು. ಸಂಜೆಯ ಕಾಫಿ, ರಾತ್ರಿಯ ಅಡುಗೆ ಉಳಿದವರು ನೋಡಿಕೊಳ್ಳಬೇಕು.

"ಉಳಿದವರು ಅಂದ್ರೆ?" ಎಂದ ಅಪ್ಪ.

"ನೀವೇ. ಎದ್ದು ಪೇಪರ್ ಹಿಡ್ಕೊಂಡು ಕೂರ್ತೀರಲ್ಲ."

"ನನಗೇನು ಬರುತ್ತೆ ಅಡಿಗೆ?"

"ಇಡೀ ಆಸ್ಪತ್ರೆಗೆ ಬಿಸಿನೀರು ಕಾಯಿಸೋ ಬಾಯ್ಲರ್ ನೋಡ್ಕೋತೀರಿ. ಒಂದು ಕುಕ್ಕರ್ ನಿಮ್ಮನ್ನ ಹೆದರಿಸುತ್ತಾ?"

ತಾತ ಮೀಸೆಯಡಿ ನಕ್ಕರು. ಅಪ್ಪ ಅವರನ್ನು ದುರುಗುಟ್ಟಿ ನೋಡಿದ. "ನೀನು ಯಾಕಪ್ಪ ನಗ್ತೀಯ? ನಾನು ಮಾಡಿದ್ದನ್ನ ನೀನೇ ತಿನ್ನೋದು."

ತಿಂದರು. ಮೊದಲ ದಿನ ಬೀನ್ಸ್ ತಳ ಹಿಡಿದಿತ್ತು. ಎರಡನೆಯ ದಿನ ಬೇಳೆ ಬೆಂದಿರಲಿಲ್ಲ. ಮೂರನೆಯ ದಿನ ಅಪ್ಪ ಗುಬ್ಬಿಯ ಮೇಲೆ ರೇಗಿದ, "ಉಪ್ಪು ಎಷ್ಟು ಅಂತ ಒಬ್ಬರೂ ಹೇಳಲ್ಲ, ರುಚಿಗೆ ತಕ್ಕಷ್ಟು ಅಂತಾರೆ, ರುಚಿ ನೋಡೋಕೆ ಉಪ್ಪು ಹಾಕ್ಬೇಕಲ್ಲ." ಅಮ್ಮನಿಗೆ ಎದ್ದು ಹೋಗಬೇಕು ಎನ್ನಿಸುತ್ತಿತ್ತು. ಒಂದೆರಡು ಸಲ ಎದ್ದೂ ಎದ್ದಳು. ತಾತ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, "ಇಲ್ಲೇನೂ ಹೊತ್ತಿಲ್ಲಮ್ಮ, ಬರೀ ಹೊಗೆ," ಎಂದು ವಾಪಸು ಕಳಿಸಿದರು. ಬರುಬರುತ್ತ ಊಟ ಬಾಯಿಗಿಡುವಂತಾಯಿತು. ಒಂದು ದಿನ ಬಟಾಣಿ ಪಲ್ಯವನ್ನು ತಾತ ಎರಡನೆಯ ಸಲ ಹಾಕಿಸಿಕೊಂಡಾಗ ಅಪ್ಪ ಎದೆ ಉಬ್ಬಿಸಿದ.

ಅಪ್ಪನಿಗೆ ಪಾಳಿಯಿಲ್ಲದ ಒಂದು ದಿನ ಅಮ್ಮ, "ಇವತ್ತು ಸಿ.ಡಿ.ಗೆ ಹಿಡ್ಕೋ," ಎಂದಳು ಮಗಳಿಗೆ. ಪಿಯಾನೊದಲ್ಲಿ ಕೂಡಿಟ್ಟದ್ದು ಬೇಡ, ನುಡಿಸುತ್ತಿದ್ದಂತೆಯೇ ನೇರವಾಗಿ ಹಿಡಿಯಬೇಕು. ಗುಬ್ಬಿ ವೈರು ಎಳೆದು, ಲ್ಯಾಪ್‌ಟಾಪಿನ ಇಯರ್‌ಫೋನಿನ ಒಂದು ಬದಿಯನ್ನು ಅಮ್ಮನ ಕಿವಿಗಿಟ್ಟು, ಹಸಿರು ಗೆರೆ ನೋಡುತ್ತ ಕೂತಳು. ತಾತ ಅಂಗಡಿಗೆ ಬೀಗ ಹಾಕಿ ಬಂದರು. ಅಪ್ಪ ತಲೆ ಬಾಚಿಕೊಂಡು, ಮದುವೆ ಮನೆಯಲ್ಲಿ ಕೂತ ಹಾಗೆ ಕುರ್ಚಿಯಲ್ಲಿ ಕೂತ.

ಅಮ್ಮ ನುಡಿಸಿದಳು. ಟಕ್, ಟಕಟಕ, ಟಕ್.

ಅಪ್ಪ ಸ್ವಲ್ಪ ಹೊತ್ತು ಕಾದು ಗುಬ್ಬಿಯ ಕಡೆ ಬಾಗಿದ. "ಶುರುವಾಯ್ತಾ?"

"ಮುಗೀತಾ ಬಂತಪ್ಪ."

"ನನಗೇನೂ ಕೇಳಿಸ್ತಿಲ್ಲವಲ್ಲ."

"ಆ ತೂತಿಗೆ ವೈರು ಹಾಕಿದ್ರೆ ಹೊರಗೆ ಕೇಳಿಸಲ್ಲ. ಆಮೇಲೆ ಸಿ.ಡಿ.ಲಿ ಕೇಳು."

ಅಪ್ಪ "ಓ" ಎಂದು ಹಿಂದಕ್ಕೆ ಒರಗಿ ಕೈ ಕಟ್ಟಿ ಕೂತ. ಅಮ್ಮನ ಬೆರಳು ನಿಂತವು. ಅವಳು ತಿರುಗಿ ಗಂಡನನ್ನು, ಮಾವನನ್ನು ನೋಡಿದಳು. ಕೈ ಚಾಚಿ ವೈರನ್ನು ಕಿತ್ತಳು.

"ಅಮ್ಮ, ಸಿ.ಡಿ.?"

"ನಾಳೆ ಮಾಡ್ಕೊಳ್ಳೋಣ. ಮೊದಲು ಇವರು ಕೇಳ್ಲಿ."

ಮೊದಲ ಸ್ವರಕ್ಕೇ ತಾತನ ಗೂಡಿನ ಹಲಗೆ ಸಣ್ಣಗೆ ಅದುರಿತು. ಅಮ್ಮ ಬೆಚ್ಚಿ ಸದ್ದು ತಗ್ಗಿಸಿ, ಮತ್ತೆ ಮೊದಲಿಂದ ಹಿಡಿದಳು. ಎಡಗೈ ಕೆಳಗೆ ಒಂದೇ ಕಡೆ ಕೂತಿತ್ತು, ಬಲಗೈ ಅದರ ಸುತ್ತ ಅವಸರವಿಲ್ಲದೆ ನಡೆದಾಡಿತು. ಎರಡು ಕಡೆ ತಪ್ಪಿತು. ಅವಳು ನಿಲ್ಲಿಸಲಿಲ್ಲ, ಕೊನೆಯವರೆಗೂ ಹೋದಳು.

ಅಪ್ಪನ ಕಟ್ಟಿದ ಕೈ ಬಿಚ್ಚಿಕೊಂಡಿತ್ತು. "ಇಷ್ಟು ವರ್ಷ ಇದರ ಪಕ್ಕದಲ್ಲೇ ಮಲಗಿದ್ನಾ ನಾನು?" ಎಂದ. ಯಾರನ್ನು ಕೇಳಿದನೋ. ಆಮೇಲೆ ಹೆಂಡತಿಗೆ, "ಇನ್ನೊಂದ್ಸಲ ನುಡಿಸ್ತೀಯಾ? ಅಡಿಗೆ ನಾನು ನೋಡ್ಕೋತೀನಿ."

ಸಿ.ಡಿ. ಮುಂದಿನ ವಾರ ತಯಾರಾಯಿತು. ಯಾವುದು ಮೊದಲು, ಯಾವುದು ಕೊನೆ, ಯಾವುದು ಬೇಡವೇ ಬೇಡ, ಎಲ್ಲವನ್ನೂ ಅಮ್ಮನೇ ಗುಬ್ಬಿಯ ಪಕ್ಕ ಕೂತು ಹೇಳಿದಳು. ಲ್ಯಾಬಿಗೆ ಹೋಗುವ ದಾರಿಯಲ್ಲಿ ತಾನೇ ಅದನ್ನು ಅಂಗಡಿಗೆ ತಂದಳು. ತಾತ ಯಾರೋ ಪರಿಚಯವಿಲ್ಲದವನ ಮುಖಕ್ಕೆ ನೊರೆ ಹಚ್ಚುತ್ತಿದ್ದರು. ಅವರು ಕಣ್ಣಲ್ಲೇ ಪ್ಲೇಯರ್ ತೋರಿಸಿದರು. ಅಮ್ಮ ಸಿ.ಡಿ. ಹಾಕಿದಳು. ಹೊರಡಬೇಕೆಂದು ಬಾಗಿಲವರೆಗೆ ಬಂದವಳು ಯಾಕೋ ಬೆಂಚಿನ ತುದಿಯಲ್ಲಿ ಕೂತಳು.

ಗಿರಾಕಿ ಕಣ್ಣು ಮುಚ್ಚಿ ಕೇಳಿದ. ಒಂದು ಕೆನ್ನೆ ಮುಗಿದ ಮೇಲೆ ನೊರೆಯ ನಡುವಿನಿಂದ ಮಾತು ಬಂತು. "ಯಾರು ಯಜಮಾನ್ರೇ ನುಡಿಸಿರೋದು?"

ತಾತ ಕತ್ತಿಯನ್ನು ಬಟ್ಟೆಗೆ ಒರೆಸುತ್ತ ಸೊಸೆಯ ಕಡೆ ನೋಡಿದರು.

"ನಾನೇ," ಎಂದಳು ಅಮ್ಮ.

ಗಿರಾಕಿ ನೋಡಬೇಕೆಂದು ಗಕ್ಕನೆ ಕತ್ತು ತಿರುಗಿಸಿದ. ತಾತ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕನ್ನಡಿಯ ಕಡೆ ತಿರುಗಿಸಿದರು.

"ಅಲ್ಲಾಡಬೇಡಿ," ಎಂದರು. "ಇನ್ನೊಂದು ಕೆನ್ನೆ ಬಾಕಿ ಇದೆ."